ಹಿತ್ತಲಿನಲ್ಲಿ ನಾನು ಸುಧಾರಿಸಿದ ಕೋಳಿತಳಿ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ತಳಿಶಾಸ್ತ್ರ ಬೋಧಿಸಿದವಳು ಅಂಗಡಿಯ ಕೋಳಿ ತಿಂದು ಸಾಯುವುದೆಂದರೆ ಶಾಸ್ತ್ರಕ್ಕೇ ಅವಮಾನ! ನಿವೃತ್ತಿಯ ಐದನೆಯ ವರ್ಷ, ಒಂದು ಭಾನುವಾರ, ಊಟದ ಮೇಜಿನ ಮುಂದೆ ನಾನು ಘೋಷಿಸಿದೆ:

"ಇನ್ಮೇಲೆ ಈ ಮನೇಲಿ ತಿನ್ನೋ ಕೋಳಿ ಈ ಮನೇಲೇ ಹುಟ್ಟುತ್ತೆ. ಅಪ್ಪ ಯಾರು, ಅಮ್ಮ ಯಾರು, ಎದೆ ಎಷ್ಟಗಲ, ಎಲ್ಲ ನಾನೇ ತೀರ್ಮಾನ ಮಾಡ್ತೀನಿ."

ಯಜಮಾನರು ನಲವತ್ತು ವರ್ಷ ಔಷಧದಂಗಡಿ ನಡೆಸಿದವರು. ಪತ್ರಿಕೆಯಿಂದ ತಲೆ ಎತ್ತದೆ ಕೇಳಿದರು, "ಕುಯ್ಯೋರು ಯಾರು?"

"ನಾನೇ!"

ಊಟಕ್ಕೆ ಬಂದಿದ್ದ ನಾದಿನಿ ಪಕ್ಕನೆ ನಕ್ಕಳು. ಅವಳು ಶಸ್ತ್ರವೈದ್ಯೆ, ಮನುಷ್ಯರ ಹೊಟ್ಟೆಯನ್ನು ನಿರಾಳವಾಗಿ ಕೊಯ್ಯುತ್ತಾಳೆ. ಆದರೆ ಹಿಂದಿನ ವರ್ಷ ತನ್ನ ಮುದಿ ಬೆಕ್ಕು ಸತ್ತಾಗ ಮೂರು ದಿನ ಊಟ ಬಿಟ್ಟು ಅತ್ತಿದ್ದಳು. "ಒಂದು ಬೆಕ್ಕು ಹೋದ್ರೆ ಇನ್ನೊಂದು ತಂದ್ಕೋ" ಎಂದು ನಾನು ಹೇಳಿದ್ದೆ. ವೈಜ್ಞಾನಿಕವಾಗಿ ತಪ್ಪಿಲ್ಲದ ಮಾತು. ಅವಳು ಅದನ್ನು ಮರೆತಿರಲಿಲ್ಲ.

"ಅತ್ತಿಗೆ, ನೀವೇ ಸಾಕಿದ ಕೋಳೀನ ನನಗೆ ಬಡಿಸಿ, ನೀವೂ ತಿಂದು ತೋರಿಸಿ. ಆಗ ನಿಮ್ಮದು ಕಲ್ಲೆದೆ ಅಂತ ಒಪ್ತೀನಿ. ಆಗ್ಲಿಲ್ಲ ಅಂದ್ರೆ ಎದ್ದು ನಿಂತು ನನ್ನ ಬೆಕ್ಕಿನ ಕ್ಷಮೆ ಕೇಳ್ಬೇಕು."

ಒಪ್ಪಿದೆ. ಕ್ಷಮಾಪಣೆ ಎಂಬುದು ಅಲ್ಲಿಯವರೆಗೆ ಬೇರೆಯವರು ನನ್ನಲ್ಲಿ ಕೇಳುತ್ತಿದ್ದ ವಸ್ತು!

ಅಗಲ ಎದೆಯ ಬಿಳಿ ಹುಂಜವೊಂದು, ಗಟ್ಟಿಮುಟ್ಟಾದ ನಾಲ್ಕು ಕಂದು ಹೇಂಟೆಗಳು ಬಂದವು. ಯಜಮಾನರು ಔಷಧದ ಹಳೆಯ ಪೆಟ್ಟಿಗೆಗೆ ಬಲ್ಬು ಸಿಕ್ಕಿಸಿ ಮೊಟ್ಟೆಗಳಿಗೆ ಕಾವಿನ ಏರ್ಪಾಡು ಮಾಡಿದರು. ಇಪ್ಪತ್ತೊಂದನೆಯ ದಿನ ಹನ್ನೊಂದು ಮರಿಗಳು ಚಿಪ್ಪೊಡೆದು ಬಂದವು. ಹೆಸರಿಡುವುದನ್ನು ನಿಷೇಧಿಸಿ, ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿದೆ. ಸಂಖ್ಯೆ ಸತ್ತರೆ ಯಾರು ಅಳುತ್ತಾರೆ?

ತೊಡಕು ತೂಕದಲ್ಲಿ ಬಂತು. ಬೆಳೆಯುವ ಕೋಳಿಯನ್ನು ತೂಗಲೇಬೇಕು. ತಕ್ಕಡಿಯ ಮೇಲಿಟ್ಟ ಕೋಳಿ ನಿಲ್ಲಲೊಲ್ಲದು! ಕೊನೆಗೆ ಉಪಾಯ ಹೊಳೆಯಿತು. ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿ ಮಲಗಿಸಿ, ಕತ್ತಿನ ಕೆಳಗೆ ಒಂದೇ ಬೆರಳಿನಿಂದ ಸವರಿದರೆ ಎರಡು ನಿಮಿಷಕ್ಕೆ ನಿದ್ರೆ. ನಿದ್ರಿಸಿದ್ದನ್ನು ಹಾಗೇ ಎತ್ತಿ ತೂಗಬಹುದು.

ವಾರಕ್ಕೊಮ್ಮೆ ಎಂದು ಶುರುವಾದ ತೂಕ, ನಿಖರತೆಯ ದೃಷ್ಟಿಯಿಂದ, ದಿನವೂ ನಡೆಯತೊಡಗಿತು. ಹಿತ್ತಲಿನ ಮಧ್ಯಾಹ್ನದ ಬಿಸಿಲು ಜೇನಿನಂತೆ ಗೋಡೆಯಿಂದ ಮೆಲ್ಲಗೆ ಇಳಿಯುತ್ತಿತ್ತು. ಮಡಿಲಲ್ಲಿ ಒಂದು ಬೆಚ್ಚನೆಯ ಭಾರ ಉಸಿರಾಡುತ್ತಿತ್ತು. ನಾಲ್ಕನೆಯ ಕೋಳಿಗೆ ಬರುವಷ್ಟರಲ್ಲಿ ನನ್ನ ಕಣ್ಣೂ ಎಳೆಯುತ್ತಿತ್ತು. ಆಗ ಕಾಣುತ್ತಿದ್ದೆ: ನಾನೇ ರೂಪಿಸಿದ ತಳಿ, ಸಾವಿರ, ಹತ್ತು ಸಾವಿರ ಬಿಳಿಯ ಹಕ್ಕಿಗಳು, ಎದೆಯುಬ್ಬಿಸಿಕೊಂಡು ಮೋಡಗಳ ಮೇಲೆ ಮೆರವಣಿಗೆ ಹೊರಟಿವೆ! ಮುಂದೆ ನಾನು, ಕೈಯಲ್ಲಿ ತಕ್ಕಡಿ, ಕಾಲು ನೆಲಕ್ಕೆ ತಾಗುತ್ತಿಲ್ಲ. ಎಚ್ಚರವಾದಾಗ ಸಂಜೆಯಾಗಿರುತ್ತಿತ್ತು; ಸೆರಗಿನ ಮೇಲೆ ಒಂದು ಗರಿ ಉಳಿದಿರುತ್ತಿತ್ತು.

ಹನ್ನೆರಡು ವಾರ ತುಂಬಿತು. ತಳಿ ಸುಧಾರಣೆಯ ಮೊದಲ ನಿಯಮವೆಂದರೆ ಉತ್ತಮವಾದದ್ದನ್ನು ಮುಂದಿನ ಪೀಳಿಗೆಗೆ ಉಳಿಸಿಕೊಂಡು ಮಿಕ್ಕದ್ದನ್ನು ತಿನ್ನುವುದು. ಪಟ್ಟಿ ಹಾಕಿದೆ. ನಾಲ್ಕನೆಯದು ಎಲ್ಲಕ್ಕಿಂತ ಭಾರ: ಉಳಿಸಬೇಕು. ಏಳನೆಯದರ ಕಾಲು ಕಂಬದಂತೆ ನೆಟ್ಟಗೆ: ಉಳಿಸಬೇಕು. ಎರಡನೆಯದು ಕಡಿಮೆ ತಿಂದು ಹೆಚ್ಚು ಬೆಳೆದಿದೆ, ಹತ್ತನೆಯದು ಒಂದು ದಿನವೂ ಕಾಯಿಲೆ ಬಿದ್ದಿಲ್ಲ. ಹೀಗೆ ಪಟ್ಟಿ ಮುಗಿಯುವಾಗ ಮಿಕ್ಕದ್ದು ಒಂಬತ್ತನೆಯದು ಮಾತ್ರ. ತೂಕ ಕಡಿಮೆ, ಕಾಲು ಸೊಟ್ಟ, ಪುಕ್ಕ ಸವೆದ ಬ್ರಷ್ಷಿನ ಹಾಗೆ. ಆದರೆ ಟವೆಲು ಮಡಿಸುವ ಮೊದಲೇ ಬಂದು ಮಡಿಲೇರಿ ಕಣ್ಣು ಮುಚ್ಚುತ್ತಿತ್ತು. "ಶಾಂತ ಸ್ವಭಾವ. ಅಪರೂಪದ ಗುಣ" ಎಂದು ಬರೆದೆ.

ಯಜಮಾನರು ಪಟ್ಟಿ ನೋಡಿದರು. "ಏನೇ ಇದು, ಹನ್ನೊಂದಕ್ಕೆ ಹನ್ನೊಂದೂ ರ‍್ಯಾಂಕ್ ಬಂದಿವೆಯಲ್ಲ! ತಿನ್ನೋದು ಯಾವುದನ್ನ?"

"ಮಾಹಿತಿ ಇನ್ನೂ ಸಾಲದು."

"ನನ್ನ ತಂಗಿ ಈ ಭಾನುವಾರ ಊಟಕ್ಕೆ ಬರ್ತಾಳಂತೆ."

ಶಾಸ್ತ್ರವನ್ನು ಬದಿಗಿಟ್ಟು ಒಂಬತ್ತನ್ನೇ ಆರಿಸಿದೆ. ಭಾನುವಾರ ಬೆಳಿಗ್ಗೆ ಚಾಕು ಮಸೆದು, ಹಿತ್ತಲಿನ ಕುರ್ಚಿಯಲ್ಲಿ ಕೂತೆ. ಮೊದಲು ನಿದ್ರೆ ಬರಿಸಿ, ಆಮೇಲೆ ಕೆಲಸ. ಅದಕ್ಕೂ ನೋವಿಲ್ಲ, ನನಗೂ ಗಡಿಬಿಡಿಯಿಲ್ಲ. ಕತ್ತು ಸವರಿದೆ. ಬಿಸಿಲು ಹಿತವಾಗಿತ್ತು...

ಎಚ್ಚರವಾದಾಗ ಹನ್ನೊಂದು ಗಂಟೆ! ಚಾಕು ಕುರ್ಚಿಯ ಕೆಳಗೆ. ಒಂಬತ್ತನೆಯದು ಮಡಿಲಲ್ಲಿ. ಮೂರು ಕೋಳಿಗಳು ನನ್ನ ಪಾದದ ಮೇಲೆ. ಅಡಿಗೆಮನೆಯಿಂದ ಮಸಾಲೆಯ ಘಮ.

"ರೀ, ಏನು ಬೇಯ್ತಿದೆ?"

"ಕೋಳಿ. ಅಂಗಡಿಯಿಂದ ತಂದೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ಕಣೇ."

"ನನ್ನನ್ನಾ?"

"ನಿಮ್ಮೆಲ್ಲರನ್ನೂ."

ಮಧ್ಯಾಹ್ನ ಬಡಿಸಿದವರೂ ಅವರೇ. ನನ್ನ ಗಮನವೆಲ್ಲ ಹಿತ್ತಲಿನ ಕಿಟಕಿಯ ಮೇಲೆ. ಒಂಬತ್ತನೆಯದು ಎಲ್ಲಿ ಇಣುಕಿಬಿಡುತ್ತದೋ!

"ಅತ್ತಿಗೆ, ಇದು ಯಾವ ನಂಬರು?"

"ಒಂಬತ್ತು" ಎಂದೆ. ಜೀವಮಾನದಲ್ಲಿ ನಾನು ಕೊಟ್ಟ ಮೊದಲ ಸುಳ್ಳು ಮಾಹಿತಿ. ಒಂದು ತುಂಡು ಮುರಿದು ಬಾಯಿಗಿಟ್ಟು, ಕಣ್ಣು ಮಿಟುಕಿಸದೆ ನುಂಗಿದೆ.

ನಾದಿನಿ ತಿಂದು ಮುಗಿಸಿದಳು. ತಿಂದ ಮೂಳೆಗಳನ್ನು ತಟ್ಟೆಯ ಅಂಚಿನಲ್ಲಿ, ಶಸ್ತ್ರಚಿಕಿತ್ಸೆಯ ಉಪಕರಣಗಳಂತೆ, ಸಾಲಾಗಿ ಜೋಡಿಸಿದಳು. ಆಮೇಲೆ ಅಣ್ಣನ ತಟ್ಟೆ ನೋಡಿದಳು. ನನ್ನ ತಟ್ಟೆ ನೋಡಿದಳು.

"ಕುಯ್ದಿದ್ದು ಒಂದೇ ಕೋಳಿ ತಾನೇ?"

"ಒಂದೇ!"

"ನನ್ನ ತಟ್ಟೇಲಿ ಎರಡು ಕಾಲು. ಅಣ್ಣನ ತಟ್ಟೇಲಿ ಎರಡು. ನಿಮ್ಮದರಲ್ಲಿ ಒಂದು. ರೆಕ್ಕೆ ಇಲ್ಲ, ಎದೆ ಇಲ್ಲ. ಮೂರೇ ತಿಂಗಳಲ್ಲಿ ಐದು ಕಾಲಿನ ಕೋಳಿ! ಅತ್ತಿಗೆ, ಪ್ರಬಂಧ ಯಾವಾಗ ಬರೀತೀರಿ?"

ನಾನು ಯಜಮಾನರ ಕಡೆ ತಿರುಗಿದೆ. ಲೆಗ್ ಪೀಸ್ ಬಿಟ್ಟು ಬೇರೇನೂ ತಿನ್ನದ ಮಹಾನುಭಾವರು! ನಲವತ್ತು ವರ್ಷ ಗುಳಿಗೆ ಎಣಿಸಿ ಕೊಟ್ಟವರು. ಎಣಿಕೆ ತಪ್ಪಿದರೆ ತಡೆದುಕೊಳ್ಳಲಾರರು. ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ ಒಮ್ಮೆ ಆಡಿಸಿ ಹೇಳಿದರು:

"ಐದಲ್ಲಮ್ಮ, ಆರು. ಇನ್ನೊಂದು ಇಲ್ಲಿದೆ."

ನಾನು ಎದ್ದು ನಿಂತೆ. ಆ ಬೆಕ್ಕಿನ ಹೆಸರು ನೆನಪಿಗೆ ಬರಲಿಲ್ಲ. ಅದಕ್ಕೂ ಸೇರಿಸಿಯೇ ಕ್ಷಮೆ ಕೇಳಿದೆ.