ಡಬ್ಬಿರಾಯರ ಕಾರ್ಖಾನೆಯ ಆರೋಗ್ಯ ತಪಾಸಣೆ

ಡಬ್ಬಿರಾಯರಿಗೆ ಬೆಳಿಗ್ಗೆ ಬಂದ ಫೋನಿನಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಮುಲಾಮು ತಯಾರಿಸುವ ದೊಡ್ಡ ಕಂಪನಿಯ ಮೇಡಂ ಒಬ್ಬರು, "ವರ್ಷದ ಆರ್ಡರ್ ಕೊಡೋ ಮೊದಲು ನಿಮ್ಮ ಕಾರ್ಖಾನೆಯ ಆರ್ಥಿಕ ಆರೋಗ್ಯ ಹೇಗಿದೆ ಅಂತ ಒಂದ್ಸಲ ನೋಡ್ಬೇಕು. ಮಧ್ಯಾಹ್ನ ಬರ್ತೀನಿ" ಎಂದಿದ್ದರು, ಅಷ್ಟೇ. ಆದರೆ ಆರೋಗ್ಯವೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ರಾಯರು ಜ್ವರ ಬಂದವರಂತೆ ತಮ್ಮ ಹಣೆಯನ್ನೇ ಮುಟ್ಟಿ ನೋಡಿಕೊಂಡರು.

ಅವರ ಶೆಡ್ಡಿನಲ್ಲಿ ತಗಡಿನ ಪುಟ್ಟ ಡಬ್ಬಿಗಳನ್ನು ಒತ್ತುವ ನಾಲ್ಕು ಪ್ರೆಸ್ಸುಗಳಿದ್ದವು. ಅವುಗಳಲ್ಲಿ ಮೂರು, ಕೆಲಸವಿಲ್ಲದೆ ಗೋಣಿತಾಟು ಹೊದ್ದು ಮಲಗಿ ತಿಂಗಳುಗಳಾಗಿದ್ದವು. ಈ ಆರ್ಡರೂ ಕೈತಪ್ಪಿದರೆ ಶೆಡ್ಡಿಗೆ ಬೀಗ ಜಡಿದು, ಇದ್ದ ಇಬ್ಬರು ಕೆಲಸಗಾರರನ್ನು ಮನೆಗೆ ಕಳಿಸಬೇಕು. ಆಮೇಲೆ ರಾಯರಿಗೆ ಉಳಿಯುವ ಉದ್ಯೋಗವೆಂದರೆ ಹೆಂಡತಿಯ ಎದುರು ಕೂತು ಬೈಸಿಕೊಳ್ಳುವುದು.

ಲೆಕ್ಕ ನೋಡಿಕೊಳ್ಳುತ್ತಿದ್ದವನು ಅವರ ಬಾಮೈದ. ಹೆಂಡತಿಯ ತಮ್ಮ ಎಂಬುದೇ ಆ ಕೆಲಸಕ್ಕೆ ಅವನಿಗಿದ್ದ ಅರ್ಹತೆ. ಲೆಕ್ಕ ಬಾರದಿದ್ದರೂ ಉಪಾಯಕ್ಕೇನೂ ಬರವಿರಲಿಲ್ಲ.

"ಭಾವ, ಖಾಲಿ ಪ್ರೆಸ್ ನೋಡಿದ್ರೆ ಯಾರು ಆರ್ಡರ್ ಕೊಡ್ತಾರೆ? ನಾಲ್ಕೂ ಓಡ್ಬೇಕು. ಸದ್ದು ಬೀದಿ ತನಕ ಕೇಳ್ಬೇಕು."

"ಓಡ್ಸೋಕೆ ಜನ ಎಲ್ಲಿದ್ದಾರಪ್ಪ?"

"ಪಕ್ಕದ ಶೆಡ್ಡಲ್ಲಿದ್ದಾರಲ್ಲ!"

ಪಕ್ಕದ ಶೆಡ್ಡಿನವನೂ ಡಬ್ಬಿಯನ್ನೇ ಮಾಡುವವನು. ಸಂಕೋಚದಿಂದ ಕೈ ಹೊಸೆಯುತ್ತ ನಿಂತ ರಾಯರನ್ನು ನೋಡಿ ಅವನು ಧಾರಾಳವಾಗಿ, "ಕರ್ಕೊಂಡ್ ಹೋಗಿ ರಾಯರೇ, ಇವತ್ತು ನನಗೂ ಕೆಲಸ ಇಲ್ಲ" ಎಂದು ತನ್ನ ಕೆಲಸಗಾರರನ್ನೆಲ್ಲ ಕಳಿಸಿಕೊಟ್ಟು ತಾನು ಚಹಾ ಹೀರುತ್ತ ಕೂತ.

ಗೋಣಿತಾಟುಗಳು ಹಾರಿದವು. ಗೋದಾಮಿನಲ್ಲಿ ಬಾಮೈದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿದ. ಪ್ರೆಸ್ಸುಗಳು ಧಡಧಡನೆ ಬಡಿಯತೊಡಗಿದವು. ತಗಡು ಉಳಿಸಲೆಂದು ರಾಯರು ಬರೀ ಗಾಳಿಯನ್ನು ಒತ್ತಿಸುತ್ತಿದ್ದರು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಮೇಡಂ ಹೇಳಿದ್ದಕ್ಕಿಂತ ಬೇಗನೆ ಬಂದಿದ್ದರು!

"ತಗಡು ಹಾಕ್ರೋ!" ಎಂದು ರಾಯರು ಕಿರುಚಿದರು. ಇದ್ದ ನಾಲ್ಕು ಹಾಳೆ ತಗಡು ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಹಾಗಿತ್ತು. ಬಾಮೈದ ಹಿಂಬಾಗಿಲಿನಿಂದ ಓಡಿ, "ಭಾವ ಸಂಜೆ ಅಷ್ಟೂ ವಾಪಸ್ ಕೊಡ್ತಾರಂತೆ" ಎಂದು ಪಕ್ಕದವನಿಂದ ಕೈಗಾಡಿ ತುಂಬ ತಗಡು ತಂದು ಸುರಿದ. ಡಬ್ಬಿಗಳು ಉದುರತೊಡಗಿದವು. ಸಂಜೆ ಹೊತ್ತಿಗೆ ಡಬ್ಬಿಯನ್ನು ಮತ್ತೆ ತಗಡು ಮಾಡುವುದು ಹೇಗೆಂದು ರಾಯರು ಒಂದು ಕ್ಷಣ ಯೋಚಿಸಿದರು.

ಮೇಡಂ ಹೆಚ್ಚು ಮಾತಿನವರಲ್ಲ. ಪ್ರತಿ ಪ್ರೆಸ್ಸಿನ ಮುಂದೆಯೂ ನಿಂತು ನೋಡಿದರು. "ಇಷ್ಟೆಲ್ಲ ಮಾಲು ಯಾರು ತಗೋತಾರೆ?"

"ತುಂಬ ಜನ ಮೇಡಂ," ಎಂದರು ರಾಯರು. "ಒಬ್ಬರಾ, ಇಬ್ಬರಾ!"

ಗೋದಾಮಿನಲ್ಲಿ ಮೇಡಂ ಪೆಟ್ಟಿಗೆಗಳ ಗೋಪುರಕ್ಕೆ ಸುಮ್ಮನೆ ಕೈಯಾನಿಸಿದರು. ಅದು ವಾಲಾಡಿತು. ಮೇಲಿನದೊಂದು ಜಾರಿ ನೇರವಾಗಿ ಬಾಮೈದನ ತಲೆಯ ಮೇಲೆ ಬಿತ್ತು. ರಾಯರಿಗೆ ಜೀವವೇ ಬಾಯಿಗೆ ಬಂತು. ಆದರೆ ಬಾಮೈದ, ಹುಲ್ಲುಕಡ್ಡಿಯಷ್ಟು ಹಗುರದ ಆ ಖಾಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು, "ಅಯ್ಯೋ ಸತ್ತೆ!" ಎಂದು ದೊಪ್ಪನೆ ನೆಲಕ್ಕುರುಳಿದ. ಮೇಡಂ ಗಾಬರಿಯಾಗಿ ನೀರು ತರಿಸಿದರು. ರಾಯರಿಗೆ ಮದುವೆಯಾದ ಮೇಲೆ ಮೊದಲ ಸಲ ಬಾಮೈದನ ಮೇಲೆ ಪ್ರೀತಿ ಉಕ್ಕಿತು.

ಕೊನೆಗೆ ಮೇಡಂ ಕೈಚೀಲ ಹೆಗಲಿಗೇರಿಸಿದರು. "ತುಂಬ ಸಂತೋಷ ರಾಯರೇ. ಇಷ್ಟು ಚೆನ್ನಾಗಿ ನಡೀತಿರೋ ಕಾರ್ಖಾನೆ ಅಪರೂಪ. ಆದ್ರೆ ಒಂದು ಪ್ರೆಸ್ಸಿಗೂ ಬಿಡುವಿಲ್ಲ. ನಮ್ಮ ಕೆಲಸ ಎಲ್ಲಿ ಸೇರಿಸ್ತೀರಿ? ನಿಮಗೆ ತೊಂದರೆ ಕೊಡಲ್ಲ ಬಿಡಿ."

ರಾಯರು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಮೇಡಂ, ಇದೆಲ್ಲ ನಾಟಕ! ಇವರು ನಮ್ಮ ಜನ ಅಲ್ಲ. ತಗಡೂ ನಮ್ಮದಲ್ಲ. ಆ ಪೆಟ್ಟಿಗೆಗಳೆಲ್ಲ ಖಾಲಿ! ನನಗೆ ಕೆಲಸಾನೇ ಇಲ್ಲ ಮೇಡಂ!"

ಮೇಡಂ ನಕ್ಕುಬಿಟ್ಟರು. "ಆರ್ಡರ್ ಆಸೆಗೆ ಇಷ್ಟೊಂದು ಸುಳ್ಳು ಹೇಳ್ಬೇಡಿ ರಾಯರೇ. ಪಾಪ, ಆ ಹುಡುಗನಿಗೆ ಪೆಟ್ಟು ಬಿದ್ದದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

ಬೆಳಗಿನಿಂದ ರಾಯರು ಹೇಳಿದ ಮಾತುಗಳಲ್ಲಿ ನಿಜವಾದದ್ದು ಈ ತಪ್ಪೊಪ್ಪಿಗೆಯೊಂದೇ. ಅದನ್ನೇ ಮೇಡಂ ನಂಬಲಿಲ್ಲ.

ಹೊರಡುವಾಗ ಮೇಡಂ ತಿರುಗಿ, "ಪಕ್ಕದಲ್ಲೂ ಡಬ್ಬಿ ಮಾಡ್ತಾರಾ?" ಎಂದು ಕೇಳಿದರು.

"ಮಾಡ್ತಾರೆ. ಆದ್ರೆ ಅವರಿಗೆ ಕೆಲಸಾನೇ ಇಲ್ಲ, ಎಲ್ಲ ಪ್ರೆಸ್ಸೂ ಖಾಲಿ!" ನೆಲದ ಮೇಲೆ ಮಲಗಿದ್ದ ಬಾಮೈದ ತಿರಸ್ಕಾರದಿಂದ ಹೇಳಿದ.

ಮೇಡಂ ಮುಖ ಅರಳಿತು. ಅವರು ಸೀದಾ ಪಕ್ಕದ ಶೆಡ್ಡಿಗೆ ನಡೆದರು.

ಸಂಜೆ ಪಕ್ಕದವನು ಕೈಗಾಡಿ ತಳ್ಳಿಕೊಂಡು ಬಂದ. ಸಂತೋಷಕ್ಕೆ ಅವನ ಬಾಯಿ ಕಿವಿ ಮುಟ್ಟಿತ್ತು. "ವರ್ಷದ ಆರ್ಡರ್ ನನಗೇ ಸಿಕ್ತು ರಾಯರೇ! ಮೊದಲ ಲಾಟು ನಾಳೆ ಬೆಳಿಗ್ಗೇನೇ ಬೇಕಂತೆ. ಪುಣ್ಯಕ್ಕೆ ಇಲ್ಲಿ ರೆಡಿ ಇದೆ."

ರಾಯರಿಗೆ ಹೋದ ಜೀವ ಬಂತು. "ಹಾಗಾದ್ರೆ ಇದನ್ನ ಒಂದು ರೇಟಿಗೆ ನಿನಗೇ..."

"ರೇಟು ಎಂಥದು? ತಗಡು ನಂದು, ಜನ ನಮ್ಮೋರು. ನಿಮ್ಮದೇನಿದೆ ಇದ್ರಲ್ಲಿ?"

"ಪ್ರೆಸ್ಸು! ಕರೆಂಟು!" ರಾಯರು ಮುಳುಗುವವರಂತೆ ಒದ್ದಾಡಿದರು.

"ಅದೂ ನ್ಯಾಯವೇ," ಪಕ್ಕದವನು ಒಪ್ಪಿ ಜೇಬಿಗೆ ಕೈ ಹಾಕಿದ. "ಒಂದು ಡಬ್ಬಿ ಒತ್ತೋಕೆ ನಿಮಗೆ ಎಷ್ಟು ಖರ್ಚು ಬೀಳತ್ತೆ ಹೇಳಿ. ಈಗಲೇ ಎಣಿಸಿ ಕೊಟ್ಬಿಡ್ತೀನಿ."

ರಾಯರು ಬಾಮೈದನ ಮುಖ ನೋಡಿದರು. ಲೆಕ್ಕ ನೋಡಿಕೊಳ್ಳುವ ಬಾಮೈದ ಬೆರಳೆಣಿಸಿ, ಮತ್ತೆ ಮೊದಲಿನಿಂದ ಎಣಿಸಿ, ರಾಯರ ಮುಖ ನೋಡಿದ.

ಪಕ್ಕದವನು ಜೇಬಿನಿಂದ ಬರಿಗೈ ತೆಗೆದು, "ಗೊತ್ತಾದಾಗ ಹೇಳಿ ಕಳ್ಸಿ" ಎಂದು ಡಬ್ಬಿಗಳನ್ನೆಲ್ಲ ಗಾಡಿಗೆ ತುಂಬಿಸಿಕೊಂಡು ಹೊರಟುಹೋದ.