ಹಾರ್ಲನ್ನನ ತಲೆಗೆ ಕಟ್ಟಿದ ಗೆಲುವು

ಸಾಪ್ಲಿಂಗ್ ಕ್ರೀಕ್ ಊರಿನವರು ಹಾರ್ಲನ್ ಶುಫೋರ್ಡನಿಗೆ ಸನ್ಮಾನ ಮಾಡಲು ಹೊರಟಿದ್ದೇ ಎಲ್ಲ ಅವಾಂತರಕ್ಕೂ ಮೂಲ. ಕೂದಲು ಕಪ್ಪಗಿದ್ದಾಗಿನಿಂದ ರೇಸಿನಲ್ಲಿ ಸ್ಟಾಕ್ ಕಾರು ಓಡಿಸುತ್ತ ಬಂದ ಹಿರಿಯ. ಅವನ ಸಾಧನೆಗಳನ್ನು ಹಿತ್ತಾಳೆ ಫಲಕದ ಮೇಲೆ ಕೆತ್ತಿಸಿ ರೇಸ್ ಮೈದಾನದ ಬಾಗಿಲಿಗೆ ಹಾಕುವುದೆಂದು ಸಮಿತಿ ಕೂತಿತು. ಎಲ್ಲರಿಗಿಂತ ಹೆಚ್ಚು ರೇಸು ಓಡಿದವನು, ಸರಿ. ಎಲ್ಲರಿಗಿಂತ ಹೆಚ್ಚು ಸಲ ಎರಡನೆಯವನಾಗಿ ಬಂದವನು, ಅದೂ ಸರಿ. ಒಮ್ಮೆ ಪಲ್ಟಿ ಹೊಡೆದು, ಎದ್ದು, ಬಾಗಿಲಿಲ್ಲದ ಕಾರಿನಲ್ಲೇ ರೇಸು ಮುಗಿಸಿದ್ದ. ಆದರೆ ಗೆಲುವು ಅಂತ ಹುಡುಕಹೋದರೆ ಒಂದೂ ಇರಲಿಲ್ಲ.

ಸಮಿತಿಯ ಅಧ್ಯಕ್ಷ ಪಕ್ಕದ ಮನೆಯ ಡೆಲ್ಮರ್. ಅವನೂ ಶನಿವಾರದ ರೇಸಿಗೆ ಇಳಿಯುವವನೇ. ಹಾರ್ಲನ್ನನಿಗಿಂತ ಅವನಿಗೇ ಹೆಚ್ಚು ನಾಚಿಕೆಯಾಯಿತು.

ಹಾರ್ಲನ್ ಬೇಕೆಂದೇ ಸೋಲುತ್ತಿದ್ದಾನೆಂದು ಊರಿಗೇನು ಗೊತ್ತು? ಗೆದ್ದ ಕಪ್ ಮನೆಗೆ ಬಂದ ದಿನವೇ ಹೆಲ್ಮೆಟ್ ಮೊಳೆಗೆ ನೇತುಹಾಕುತ್ತೇನೆ ಎಂದು ಅವನು ಮದುವೆಯ ದಿನ ಪಾದ್ರಿಯ ಎದುರಿಗೇ ಹೆಂಡತಿ ವರ್ಡೀಗೆ ಮಾತು ಕೊಟ್ಟಿದ್ದ. ಪಾದ್ರಿಯ ಎದುರು ಕೊಟ್ಟ ಮಾತನ್ನು ಆ ಸೀಮೆಯಲ್ಲಿ ಯಾರೂ ಮುರಿಯುವುದಿಲ್ಲ. ಆದರೆ ರೇಸು ಬಿಟ್ಟರೆ ಅವನದು ನೀರಿನಿಂದ ತೆಗೆದ ಮೀನಿನ ಪಾಡು. ಹಾಗಾಗಿ ಪ್ರತಿ ಸಲವೂ ಕೊನೆಯ ಸುತ್ತಿನಲ್ಲಿ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ವರ್ಡೀಗೆ ಇದರ ಸುಳಿವೇ ಇಲ್ಲ. ಬೆಟ್ಟದ ತಿರುವುಗಳಲ್ಲಿ ಶಾಲೆಯ ಬಸ್ಸು ಓಡಿಸುವ ಆಕೆ ಮೈದಾನದ ಕಡೆ ತಲೆ ಹಾಕಿದವಳೂ ಅಲ್ಲ.

ಸನ್ಮಾನದ ದಿನ ಬೆಳಿಗ್ಗೆ ಗಡ್ಡ ಹೆರೆಸಿಕೊಳ್ಳಲು ಹೋದಾಗ ಹಾರ್ಲನ್ನನಿಗೆ ಕ್ಷೌರಿಕನ ಬಾಯಿಂದ ಸುದ್ದಿ ತಿಳಿಯಿತು. ಇವತ್ತಿನ ರೇಸಿನಲ್ಲಿ ಯಾರೂ ಹಾರ್ಲನ್ನನನ್ನು ದಾಟಕೂಡದು ಎಂದು ಡೆಲ್ಮರ್ ಚಾಲಕರ ಮನೆಮನೆಗೂ ಹೋಗಿ ಒಪ್ಪಿಸಿ ಬಂದಿದ್ದನಂತೆ. ಅರ್ಧ ಗಡ್ಡದಲ್ಲೇ ಎದ್ದು ಡೆಲ್ಮರನ ಮನೆಗೆ ಓಡಿದ.

"ನಂಗೆ ಗೆಲುವು ಬೇಡ ಮಾರಾಯ. ನನ್ನ ಪಾಡಿಗೆ ನನ್ನ ಬಿಟ್ಬಿಡು."

"ಎಂಥಾ ದೊಡ್ಡ ಮನಸ್ಸಯ್ಯ ನಿಂದು," ಎಂದು ಡೆಲ್ಮರ್ ಕಣ್ಣೊರೆಸಿಕೊಂಡು ತಬ್ಬಿಕೊಂಡ. ಬೇಡ ಬೇಡವೆಂದಷ್ಟೂ ಅಪ್ಪುಗೆ ಬಿಗಿಯಾಯಿತು.

ಹಾರ್ಲನ್ ಬೇರೆ ದಾರಿ ಹಿಡಿದ. ರೇಸು ಮುಗಿದ ಮೇಲೆ ಗೆದ್ದ ಕಾರನ್ನು ತೂಗುತ್ತಾರೆ. ತೂಕ ಕಮ್ಮಿಯಾದರೆ ಗೆಲುವು ರದ್ದು. ತೂಕ ಸರಿದೂಗಲೆಂದು ಕಾರಿನಡಿ ಬಿಗಿದಿದ್ದ ಸೀಸದ ಗಟ್ಟಿಯೊಂದನ್ನು ಬಿಚ್ಚಿ ತಿಂಡಿ ಡಬ್ಬಿಯಲ್ಲಿ ಬ್ರೆಡ್ಡಿನ ಕೆಳಗಿಟ್ಟ. ಆಮೇಲೆ ನೆಮ್ಮದಿಯಾಗಿ ರೇಸಿಗಿಳಿದ.

ಅಂಥ ರೇಸನ್ನು ಊರು ಕಂಡಿರಲಿಲ್ಲ. ಹಾರ್ಲನ್ ನಿಧಾನಿಸಿದರೆ ಹಿಂದಿನವರೆಲ್ಲ ಇನ್ನೂ ನಿಧಾನಿಸಿದರು. ನೋಡುವವರಿಗೆ ಯಾರದೋ ಶವಯಾತ್ರೆ ಹೊರಟಂತಿತ್ತು. ಒಬ್ಬ ಸುಮ್ಮಸುಮ್ಮನೆ ಗಿರಗಿರ ತಿರುಗಿ ಹುಲ್ಲಿಗಿಳಿದ. ಇನ್ನೊಬ್ಬ ಪೆಟ್ರೋಲ್ ಮುಗಿಯಿತೆಂದು ಕಾರು ನಿಲ್ಲಿಸಿ ಕೈ ಕಟ್ಟಿ ಕೂತ. ಕೊನೆಯ ಸುತ್ತಿಗೆ ಹಾರ್ಲನ್ನನ ಹಿಂದೆ ಉಳಿದದ್ದು ಡೆಲ್ಮರನ ನೀಲಿ ಕಾರು ಮಾತ್ರ. ಗೆಲುವಿನ ಗೆರೆ ಇನ್ನೊಂದು ಮಾರು ಇದೆ ಅನ್ನುವಾಗ ಹಾರ್ಲನ್ ಬ್ರೇಕ್ ಒತ್ತಿ ನಿಂತೇಬಿಟ್ಟ. ನೀಲಿ ಕಾರು ಮೆಲ್ಲಗೆ ಬಂತು, ಅವನ ಕಾರಿನ ಬೆನ್ನಿಗೆ ಮೂತಿ ಹಚ್ಚಿತು, ಕೆಟ್ಟ ಎತ್ತಿನಗಾಡಿ ತಳ್ಳುವ ಹಾಗೆ ಅವನನ್ನು ಗೆರೆ ದಾಟಿಸಿತು.

ಜನ ಟೋಪಿ ಹಾರಿಸಿ ಕುಣಿದರು. ತೂಗುವವನು ಒಮ್ಮೆ ತೂಗಿದ, ಕನ್ನಡಕ ಒರೆಸಿ ಮತ್ತೊಮ್ಮೆ ತೂಗಿದ. ಅವನ ಮುಖ ಹುಳ್ಳಗಾಯಿತು. ಗೆಲುವು ರದ್ದಾಯಿತೆಂದೂ ಕಪ್ ನೀಲಿ ಕಾರಿಗೆ ಹೋಗುವುದೆಂದೂ ಕೂಗಿ ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಹಾರ್ಲನ್ ನಗು ತಡೆಯಲಾರದೆ ತಲೆ ತಗ್ಗಿಸಿದ. ಪಾಪ, ದುಃಖ ಉಮ್ಮಳಿಸಿದೆ ಎಂದರು ಜನ.

ಡೆಲ್ಮರನಿಗೆ ಮುತ್ತು ಕೊಡಬೇಕೆಂದು ಹಾರ್ಲನ್ ನೀಲಿ ಕಾರಿನತ್ತ ಓಡುತ್ತಿದ್ದಾಗ ಯಾರೋ ಹಿಂದಿನಿಂದ ಅವನ ತೋಳು ಹಿಡಿದರು. ನೋಡಿದರೆ ಡೆಲ್ಮರನೇ, ಕೋಲೂರಿಕೊಂಡು.

"ಮಧ್ಯಾಹ್ನ ಟೈರ್ ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡ್ತು ಕಣಯ್ಯ. ನಿನ್ನ ತಳ್ಳೋಕೆ ಒಬ್ರು ಬೇಕಿತ್ತಲ್ಲ."

ನೀಲಿ ಕಾರಿನ ಕಿಟಕಿಯಿಂದ ಹೊರಬಂದ ಚಾಲಕ ಹೆಲ್ಮೆಟ್ ತೆಗೆದ. ಬೆವರಿಗೆ ಅಂಟಿದ ನರೆಗೂದಲು, ಹೊಳೆಯುವ ಕಣ್ಣು. ವರ್ಡೀ! ಆಗಲೇ ಯಾರೋ ಕಪ್ ತಂದು ಅವಳ ಕೈಗಿಟ್ಟರು.

ಇದು ತಾನು ಗೆದ್ದ ಕಪ್ ಅಲ್ಲವಲ್ಲ ಎಂದು ಹಾರ್ಲನ್ ತೊದಲಿದ.

"ಮನೆಗೆ ಬಂದ್ರೆ ಸಾಕು ಅಂದೋನು ನೀನೇ ತಾನೇ," ಎಂದಳು ವರ್ಡೀ. "ಮುಂದಿನ ಶನಿವಾರಕ್ಕೂ ಡೆಲ್ಮರ್ ಕಾರು ಕೊಡ್ತಾನಂತೆ. ಟೈರ್ ಬದಲಾಯಿಸೋಕೆ ನೀನಿದ್ರೆ ಆಯ್ತು."

"ಮತ್ತೆ ನೀನು ಯಾವಾಗ ಬಿಡ್ತೀಯೇ?"

ವರ್ಡೀ ಕಪ್ಪನ್ನು ಅವನ ಕೈಗೆ ಹಿಡಿಸಿ, ಹೆಲ್ಮೆಟ್ಟನ್ನು ತನ್ನ ಕಂಕುಳಿಗೆ ಸೇರಿಸಿದಳು.

"ನಾನು ಯಾವ ಪಾದ್ರಿ ಮುಂದೂ ಮಾತು ಕೊಟ್ಟಿಲ್ಲವಲ್ಲ."