ಸುಣ್ಣದ ಟೀಚರ್ ಮತ್ತು ಜಾಣ ಬೋರ್ಡು

ಹೊಸ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು ಎಂದು ಸುಣ್ಣದ ಟೀಚರ್‌ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಎರಡನೇ ತರಗತಿಗೆ ಪಾಠ ಹೇಳಲು ಶುರುಮಾಡಿದಾಗಿನಿಂದ ದಿನಾ ಬೆಳಿಗ್ಗೆ ಅವರು ಮಾಡುತ್ತಿದ್ದ ಮೊದಲ ಕೆಲಸವೇ ಅದು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ನೀರು ಹಿಂಡಿ, ಕರಿಹಲಗೆಯನ್ನು ಮೂಲೆಯಿಂದ ಮೂಲೆಗೆ ತಿಕ್ಕಿ ಮಿರಮಿರ ಮಿಂಚುವ ಹಾಗೆ ಮಾಡಬೇಕು. ಆಮೇಲೆ ಸಂಜೆಯವರೆಗೆ ಬರೆದದ್ದೇ ಬರೆದದ್ದು. ಬೆರಳು, ತೋಳು, ಮೂಗಿನ ತುದಿ, ಕನ್ನಡಕದ ಅಂಚು, ಎಲ್ಲೆಲ್ಲೂ ಸೀಮೆಸುಣ್ಣದ ಪುಡಿ. ಹಾಗಾಗಿ ಇಡೀ ಶಾಲೆಗೆ ಅವರು ಸುಣ್ಣದ ಟೀಚರ್.

ಆದರೆ ಈಗ ಗೋಡೆಯ ಮೇಲೆ ಕರಿಹಲಗೆ ಇರಲಿಲ್ಲ. ಅದನ್ನು ಕಿತ್ತು, ಅದೇ ಜಾಗದಲ್ಲಿ ಒಂದು ದೊಡ್ಡ ಸ್ಮಾರ್ಟ್ ಬೋರ್ಡು ಕೂರಿಸಿದ್ದರು. ಮಕ್ಕಳು ಅದಕ್ಕೆ ಜಾಣ ಬೋರ್ಡು ಎಂದು ಹೆಸರಿಟ್ಟಾಗಿತ್ತು. ಅದರ ಗಾಜಿನ ಮೇಲೆ ಯಾರದೋ ಬೆರಳಚ್ಚು ಕಂಡು ಟೀಚರ್‌ಗೆ ತಡೆಯಲಾಗಲಿಲ್ಲ. ಬಟ್ಟೆ ಅದ್ದಿ ಒರೆಸಿದರು.

ಬೋರ್ಡು ಥಟ್ಟನೆ ಕಣ್ಣು ತೆರೆಯಿತು. ಟೀಚರ್ ಎಡಕ್ಕೆ ಒರೆಸಿದರೆ ಚಿತ್ರಗಳು ಎಡಕ್ಕೆ ಓಡಿದವು, ಬಲಕ್ಕೆ ಒರೆಸಿದರೆ ಬಲಕ್ಕೆ. ಒಂದು ಚೌಕ ಬಂತು. ಅದನ್ನು ಕಲೆ ಎಂದುಕೊಂಡು ತಿಕ್ಕಿದರೆ ಇನ್ನೊಂದು ಚೌಕ ಬಂತು. ಕೊನೆಗೆ ಬೋರ್ಡಿನ ಮೇಲಿದ್ದ ಅಕ್ಷರವೆಲ್ಲ ಬದಲಾಗಿ, ಶಾಯಿಯಲ್ಲಿ ಬಿದ್ದೆದ್ದ ಇರುವೆಗಳು ಮೆರವಣಿಗೆ ಹೊರಟ ಹಾಗೆ ಯಾವುದೋ ದೇಶದ ಲಿಪಿ ಕಾಣಿಸಿಕೊಂಡಿತು. ಒಳಗಿನಿಂದ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ, ಒಂದಕ್ಷರವೂ ಅರ್ಥವಾಗದ ಭಾಷೆಯಲ್ಲಿ ಏನೋ ಕೇಳಿದಳು.

"ಯಾರಮ್ಮಾ ಅದು?" ಎಂದರು ಟೀಚರ್.

ಹೆಂಗಸು ಅದೇ ಪ್ರಶ್ನೆಯನ್ನು ಇನ್ನಷ್ಟು ಮರ್ಯಾದೆಯಿಂದ ಮತ್ತೆ ಕೇಳಿದಳು.

ಬೇರೆ ದಿನವಾಗಿದ್ದರೆ ಟೀಚರ್ ನಕ್ಕು ಸುಮ್ಮನಾಗುತ್ತಿದ್ದರೇನೋ. ಆದರೆ ಅಂದು ಶುಕ್ರವಾರ. ಹಿಂದಿನ ವಾರವೇ ಹೆಡ್ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು: "ಶುಕ್ರವಾರ ಇಲಾಖೆ ಸಾಹೇಬ್ರು ಬರ್ತಾರೆ. ಒಬ್ಬೊಬ್ಬರ ಕ್ಲಾಸಲ್ಲೂ ಕೂತು ನೋಡ್ತಾರೆ. ಬೋರ್ಡು ಬಳಸೋಕೆ ಬಂತೋ, ಸರಿ. ಬರಲಿಲ್ವೋ, ನಿಮ್ಮ ಕ್ಲಾಸನ್ನ ಬೇರೆಯವರಿಗೆ ಕೊಟ್ಟು ನಿಮ್ಮನ್ನ ವರ್ಷ ಪೂರ್ತಿ ತರಬೇತಿಗೆ ಹಾಕ್ತಾರೆ. ಆಮೇಲೆ ನನ್ನ ಹತ್ರ ಬಂದು ಅಳಬೇಡಿ."

ಅಂದಿನಿಂದ ಟೀಚರ್‌ಗೆ ಸರಿಯಾಗಿ ನಿದ್ದೆಯಿಲ್ಲ. ಎರಡನೇ ತರಗತಿ ಎಂದರೆ ಮಕ್ಕಳಿಗೆ ಹಲ್ಲು ಬೀಳುವ ಕಾಲ. ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ತಂದು ಅವು ಮೊದಲು ತೋರಿಸುವುದು ಟೀಚರ್‌ಗೆ, ಅಮ್ಮನಿಗೆ ಆಮೇಲೆ. ಶಾಲೆ ತೆರೆದಾಗಿನಿಂದ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳು ಮೊನ್ನೆಯಷ್ಟೇ ಎದ್ದು ನಿಂತು ಅರ್ಧ ಪುಟ ಗಟ್ಟಿಯಾಗಿ ಓದಿದ್ದಳು. ಉಳಿದರ್ಧ ಪುಟವನ್ನು ಅವಳು ಬೇರೆ ಯಾರದೋ ಎದುರು ಓದುವುದನ್ನು ನೆನೆದರೇ ಟೀಚರ್ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದರು.

ಬೋರ್ಡಿನ ಹೆಂಗಸಿನ ದನಿ ಕೇಳಿ ಪಕ್ಕದ ಕೋಣೆಯಿಂದ ಡ್ರಿಲ್ ಮೇಷ್ಟ್ರು ಓಡಿ ಬಂದರು. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಅರ್ಧ ಕುಡಿದ ಚಹಾ.

"ಏನು ಟೀಚರೇ, ಬೆಳಿಗ್ಗೆನೇ ನೆಂಟರು ಬಂದಿದಾರೆ?"

"ತಮಾಷೆ ಮಾಡ್ಬೇಡಿ ಮೇಷ್ಟ್ರೇ. ಇದಕ್ಕೆ ಏನೋ ಆಗ್ಬಿಟ್ಟಿದೆ. ಕನ್ನಡನೇ ಮರೆತುಬಿಟ್ಟಿದೆ."

"ಮಷಿನ್‌ಗೆ ಬೇಕಾಗಿರೋದು ಶಿಸ್ತು," ಎಂದು ಮೇಷ್ಟ್ರು ಚಹಾದ ಲೋಟವನ್ನು ಟೀಚರ್ ಕೈಗೆ ಕೊಟ್ಟು, ಗೋಡೆಯಿಂದ ಪ್ಲಗ್ಗನ್ನು ಹಲ್ಲು ಕೀಳುವ ಹಾಗೆ ಕಿತ್ತರು. ಮತ್ತೆ ಚುಚ್ಚಿದರು. ಬೋರ್ಡು ಎದ್ದು ಕೂತಿತು. ಇರುವೆಗಳು ಹಾಗೇ ಇದ್ದವು. ಹೆಂಗಸಿನ ದನಿ ಮಾತ್ರ ಈಗ ಮೈದಾನದವರೆಗೆ ಕೇಳಿಸುವಷ್ಟು ಜೋರಾಗಿತ್ತು.

"ನೋಡಿ, ಸ್ವಲ್ಪ ಚುರುಕಾಯ್ತು," ಎಂದು ಹೇಳಿ ಮೇಷ್ಟ್ರು ಲೋಟ ಇಸಿದುಕೊಂಡು ಜಾರಿದರು.

ಆಮೇಲೆ ಬಂದವರು ಹಾಡಿನ ಟೀಚರ್. ಅವರಿಗೆ ಎಲ್ಲವೂ ಗೊತ್ತು. ಯಾರ ಮನೆಯ ಮಿಕ್ಸಿ ಕೆಟ್ಟರೂ, ಯಾರ ಮಗುವಿಗೆ ಜ್ವರ ಬಂದರೂ, ಔಷಧಿ ಅವರ ಬಾಯಲ್ಲೇ ಇರುತ್ತದೆ. ಬೋರ್ಡನ್ನು ಒಂದು ಸಲ ಓರೆಗಣ್ಣಿನಿಂದ ನೋಡಿದರು.

"ಇದನ್ನ ಸರಿ ಮಾಡೋಕೆ ಹೋಗಬೇಡಿ ಅಕ್ಕಾ. ಉಪಾಯ ಮಾಡೋಣ. ನಿಮ್ಮ ಫೋನ್ ಕನ್ನಡದಲ್ಲೇ ಇದೆ ತಾನೇ? ಅದನ್ನ ಬೋರ್ಡಿಗೆ ಜೋಡಿಸಿಬಿಡ್ತೀನಿ. ಫೋನಲ್ಲಿ ಏನು ಕಾಣುತ್ತೋ ಅದೇ ಇಲ್ಲಿ ದೊಡ್ಡದಾಗಿ ಕಾಣುತ್ತೆ. ಇವತ್ತು ಏನು ಪಾಠ?"

"ಅಳತೆ."

ಹಾಡಿನ ಟೀಚರ್ ಫೋನಿನಲ್ಲಿ ಅದೆಲ್ಲಿಂದಲೋ ಒಂದು ವೀಡಿಯೋ ಹುಡುಕಿ ತೆಗೆದರು. ಒಂದು ನೀಲಿ ಆನೆ ಮೊಳಕೋಲು ಹಿಡಿದು ಕಾಡನ್ನೆಲ್ಲ ಅಳೆಯುವ ಕತೆ. ಬೋರ್ಡಿನ ಮೇಲೆ ಆನೆ ಕಾಣಿಸಿದ್ದೇ ತಡ, ಸುಣ್ಣದ ಟೀಚರ್ ಅವರ ಕೈ ಹಿಡಿದುಕೊಂಡರು.

"ನನ್ನ ತಾಯಿ, ಬದುಕಿಸಿಬಿಟ್ಟೆ!"

"ಆನೆ ಪಾಠ ಮಾಡುತ್ತೆ. ನೀವು ಪಕ್ಕದಲ್ಲಿ ನಿಂತು ನಗ್ತಾ ಇರಿ, ಅಷ್ಟೇ. ಏನೇ ಆದ್ರೂ ಏನನ್ನೂ ಮುಟ್ಟಬೇಡಿ." ಇಷ್ಟು ಹೇಳಿ ಅವರು ತಮ್ಮ ಬೋರ್ಡನ್ನು ನೋಡಿಕೊಳ್ಳಲು ಹೋದರು.

ಗಂಟೆ ಹೊಡೆಯಿತು. ಮಕ್ಕಳು ಬಂದು ಕೂತರು. ಹೆಡ್ ಮೇಡಂ ಹಿಂದೆಯೇ ಇಲಾಖೆಯ ಸಾಹೇಬರು ಬಂದರು. ಕಡ್ಡಿಯಂಥ ಎತ್ತರದ ಮನುಷ್ಯ. ಕೊನೆಯ ಸಾಲಿನಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತಾಗ ಅವರ ಮಂಡಿಗಳು ಕಿವಿಯ ಹತ್ತಿರ ಬಂದವು. ಆ ಮಂಡಿಯ ಮೇಲೇ ಹಾಳೆ ಇಟ್ಟು, "ಶುರು ಮಾಡಿ," ಎಂದರು.

ಟೀಚರ್ ಧೈರ್ಯಕ್ಕೆಂದು ಕೈಯಲ್ಲೊಂದು ಸೀಮೆಸುಣ್ಣದ ತುಂಡು ಹಿಡಿದು ನಿಂತರು. ಆನೆ ಸೊಂಡಿಲೆತ್ತಿ, "ಮುದ್ದು ಮಕ್ಕಳೇ, ಇವತ್ತು ನಾವು ಎಲ್ಲವನ್ನೂ ಅಳೆಯೋಣ!" ಎಂದಿತು. ಮಕ್ಕಳು ಚಪ್ಪಾಳೆ ಹೊಡೆದರು. ಸಾಹೇಬರು ಏನೋ ಬರೆದುಕೊಂಡರು. ಹಾಡಿನ ಟೀಚರ್ ಹೇಳಿದಂತೆಯೇ ಸುಣ್ಣದ ಟೀಚರ್ ನಗುತ್ತಾ ನಿಂತರು.

ಅಷ್ಟರಲ್ಲಿ ಫೋನು ರಿಂಗಾಯಿತು.

ಮಾಡಿದ್ದು ಯಾರೆಂದು ನೋಡುವ ಅಗತ್ಯವೇ ಇರಲಿಲ್ಲ. ಟೀಚರ್ ಗಂಡನಿಗೆ ಪೇಟೆ ಬೀದಿಯಲ್ಲಿ ದರ್ಜಿ ಅಂಗಡಿ. ಮುಖ ನೋಡದೆ ಆಡಿದ ಮಾತು ಮಾತೇ ಅಲ್ಲ ಎನ್ನುವುದು ಅವರ ಸಿದ್ಧಾಂತ. ಹಾಗಾಗಿ ಮಾಡುವ ಕರೆಯೆಲ್ಲ ವೀಡಿಯೋ ಕರೆಯೇ. ಟೀಚರ್ ಗಾಬರಿಯಿಂದ ಕೆಂಪು ಗುಂಡಿಯನ್ನು ಒತ್ತಿದರು. ಬೆರಳಿನ ಸುಣ್ಣವೋ, ಅವಸರವೋ, ಒತ್ತಿದ್ದು ಹಸಿರು ಗುಂಡಿ.

ಆನೆ ಮಾಯವಾಯಿತು. ಅದರ ಜಾಗದಲ್ಲಿ, ಬೋರ್ಡಿನ ಉದ್ದಗಲಕ್ಕೂ, ರೈಲು ಹೋಗಬಹುದಾದಂಥ ಎರಡು ಮೂಗಿನ ಹೊಳ್ಳೆಗಳು ಕಾಣಿಸಿದವು.

"ಟೀಚರ್, ಆನೆ ಹತ್ರ ಬಂತು!" ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು.

"ಲೇ," ಎಂದಿತು ಬೋರ್ಡು, "ನನ್ನ ಟೇಪ್ ಎಲ್ಲಿಟ್ಟಿದೀಯೇ? ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ. ಗಿರಾಕಿ ಬಂದು ಕೈ ಎತ್ಕೊಂಡು ನಿಂತಿದಾರೆ. ನಿನಗೆ ಎಷ್ಟು ಸಲ ಹೇಳಿದೀನಿ, ನನ್ನ ಸಾಮಾನು ಮುಟ್ಟಬೇಡ ಅಂತ!"

ಫೋನು ಸ್ವಲ್ಪ ಹಿಂದೆ ಸರಿಯಿತು. ಮೂಗಿನ ಕೆಳಗೆ ಮೀಸೆ, ಮೀಸೆಯ ಕೆಳಗೆ ಗಲ್ಲ, ಗಲ್ಲದ ಕೆಳಗೆ ಕುತ್ತಿಗೆ, ಕುತ್ತಿಗೆಯ ಸುತ್ತ ಹಾರದ ಹಾಗೆ ನೇತಾಡುವ ಹಳದಿ ಟೇಪು.

ಇಡೀ ಎರಡನೇ ತರಗತಿ ಒಂದೇ ಉಸಿರಿನಲ್ಲಿ ಕಿರುಚಿತು: "ನಿಮ್ಮ ಕುತ್ತಿಗೇಲೇ ಇದೆ!"

ದರ್ಜಿ ಬೆಚ್ಚಿಬಿದ್ದರು. ಕುತ್ತಿಗೆ ಮುಟ್ಟಿ ನೋಡಿಕೊಂಡರು. "ಅರೆ, ಹೌದಲ್ಲ! ಯಾರೋ ಅದು?"

ಕೊನೆಯ ಸಾಲಿನಲ್ಲಿ ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತ್ತು. ಹೆಡ್ ಮೇಡಂ ಮುಖ ಕೆಂಪೇರುತ್ತಿತ್ತು. ಟೀಚರ್‌ಗೆ ಒಂದು ಕ್ಷಣ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ. ಕೊನೆಗೆ ಅವರೇ ಬಾಯಿ ಬಿಟ್ಟರು.

"ಮಕ್ಕಳೇ, ಇವರು... ಇವರು ದರ್ಜಿ ಮಾವ. ಅಳತೆ ತಗೊಳ್ಳೋದೇ ಇವರ ಕೆಲಸ. ಇವತ್ತು ನಮಗೆ ಅಳತೆ ಹೇಳಿಕೊಡೋಕೆ ಅಂತಲೇ ಬಂದಿದಾರೆ. ಅಲ್ವಾ, ದರ್ಜಿ ಮಾವ?" ಎನ್ನುತ್ತಾ ಗಂಡನಿಗೆ ಕಣ್ಸನ್ನೆ ಮಾಡಿದರು.

ಮದುವೆಯಾದಾಗಿನಿಂದ ಹೆಂಡತಿಯ ಒಂದೇ ಒಂದು ಕಣ್ಸನ್ನೆಯೂ ಅರ್ಥವಾಗದ ಮನುಷ್ಯ ಅವರು. "ಕಣ್ಣಿಗೆ ಏನಾಯ್ತೇ? ಧೂಳು ಬಿತ್ತಾ? ತಣ್ಣೀರಲ್ಲಿ ತೊಳ್ಕೋ."

ಮಕ್ಕಳು ಬಿದ್ದು ಬಿದ್ದು ನಕ್ಕವು. ನಗು ಕೇಳಿ ದರ್ಜಿ ಹುರುಪುಗೊಂಡರು. ಜನ್ಮದಲ್ಲಿ ಅವರ ಮಾತಿಗೆ ಇಷ್ಟು ಮಂದಿ ಒಟ್ಟಿಗೆ ನಕ್ಕಿರಲಿಲ್ಲ. "ಅಳತೆ ಬೇಕೇನ್ರೋ ಪುಟಾಣಿಗಳಾ? ಬನ್ನಿ, ತೋರಿಸ್ತೀನಿ. ಇಲ್ಲೇ ನಿಂತಿದಾರೆ ಒಬ್ಬರು ದೊಡ್ಡ ಮನುಷ್ಯರು," ಎಂದು ಫೋನು ತಿರುಗಿಸಿದರು.

ಹೊಲದ ಬೆದರುಗೊಂಬೆಯ ಹಾಗೆ ಎರಡೂ ತೋಳು ಚಾಚಿ, ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತವರು ಶಾಲೆಯ ಗುಮಾಸ್ತರು. ಸೊಂಟ ಹಿಡಿದುಕೊಂಡಿದೆ, ಹಾಸಿಗೆಯಿಂದ ಏಳಲಾಗುತ್ತಿಲ್ಲ ಎಂದು ಮೂರು ದಿನದಿಂದ ರಜೆಯಲ್ಲಿದ್ದವರು.

"ಗುಮಾಸ್ತ ಮಾಮಾ!" ಎಂದು ಮಕ್ಕಳು ಕೈ ಬೀಸಿದವು.

"ಸೊಂಟ ಹೇಗಿದೆ?" ಎಂದರು ಹೆಡ್ ಮೇಡಂ, ಕೂತಲ್ಲಿಂದಲೇ.

ಆ ದನಿ ಗುಮಾಸ್ತರಿಗೆ ಬೀದಿ ದಾಟಿ ಬಂದರೂ ಗುರುತು ಸಿಗುತ್ತಿತ್ತು. ಅವರು ಹೊಲಿಸಲು ತಂದಿದ್ದ ಕೋಟಿನ ಬಟ್ಟೆಯ ಹಿಂದೆ ಅವಿತುಕೊಳ್ಳಲು ನೋಡಿದರು. ಬಟ್ಟೆ ಸಾಲಲಿಲ್ಲ.

"ಸೊಂಟಾನಾ? ಈಗ ಹೇಳ್ತೀನಿ. ಮೊದಲು ಗೇಣು, ಆಮೇಲೆ ಟೇಪು," ಎಂದು ದರ್ಜಿ ಫೋನು ಒರಗಿಸಿಟ್ಟು, ಉತ್ಸಾಹದಿಂದ ಗುಮಾಸ್ತರನ್ನು ಎಳೆದು ನಿಲ್ಲಿಸಿ, ಹೊಟ್ಟೆಯ ಸುತ್ತ ಗೇಣು ಹಾಕತೊಡಗಿದರು. "ಒಂದು, ಎರಡು, ಉಸಿರು ಬಿಡಿ ಸಾರ್, ಮೂರು, ನಾಲ್ಕು, ಐದು!"

"ನನ್ನ ಡೆಸ್ಕೂ ಐದು ಗೇಣು!" ಎಂದು ಒಬ್ಬ ಹುಡುಗ ತನ್ನ ಪುಟ್ಟ ಗೇಣು ಹಾಕಿ ಕೂಗಿದ. "ಹಾಗಾದ್ರೆ ಗುಮಾಸ್ತ ಮಾಮ ನನ್ನ ಡೆಸ್ಕಿನಷ್ಟೇ ದಪ್ಪ!"

"ಇಲ್ಲ, ಅವರು ದೊಡ್ಡೋರು! ಮಾವನ ಕೈ ದೊಡ್ಡದು, ನಿನ್ನ ಕೈ ಸಣ್ಣದು," ಎಂದಿತು ಒಂದು ದನಿ. ಟೀಚರ್ ತಿರುಗಿ ನೋಡಿದರು. ತುಟಿ ಬಿಚ್ಚದ ಆ ಹುಡುಗಿಯೇ ಎದ್ದು ನಿಂತಿದ್ದಳು.

ಅಲ್ಲಿಂದ ಮುಂದೆ ಟೀಚರ್‌ಗೆ ಸಾಹೇಬರೂ ಮರೆತುಹೋದರು, ಬೋರ್ಡೂ ಮರೆತುಹೋಯಿತು. ಡೆಸ್ಕು, ಬಾಗಿಲು, ಕಿಟಕಿ, ಕೊನೆಗೆ ಸಾಹೇಬರ ಕಾಲು, ಎಲ್ಲವನ್ನೂ ಮಕ್ಕಳ ಕೈಯಲ್ಲಿ ಗೇಣು ಹಾಕಿಸಿದರು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಜಗಳವೋ ಜಗಳ. "ಹಾಗಾದ್ರೆ ಜಗಳ ಬಿಡಿಸೋದು ಹೇಗೆ?" ಎಂದು ಟೀಚರ್ ಕೇಳಿದಾಗ, ಇಡೀ ತರಗತಿ ಬೋರ್ಡಿನತ್ತ ಕೈ ತೋರಿಸಿ ಕೂಗಿತು: "ಮಾವನ ಟೇಪು!"

ಸಾಹೇಬರು ಬರೆಯುತ್ತಲೇ ಇದ್ದರು. ಹಾಳೆ ತುಂಬಿತು. ಹಿಂದೆ ತಿರುಗಿಸಿ ಬರೆದರು.

ಮಧ್ಯಾಹ್ನ ಎಲ್ಲ ತರಗತಿಗಳ ತಪಾಸಣೆ ಮುಗಿದ ಮೇಲೆ ಶಿಕ್ಷಕರ ಕೋಣೆಯಲ್ಲಿ ಸಭೆ ಸೇರಿತು. ಡ್ರಿಲ್ ಮೇಷ್ಟ್ರ ಬೋರ್ಡು ಅವರು ಸೀಟಿ ಊದಿದರೂ ಎದ್ದಿರಲಿಲ್ಲ. ಹಾಡಿನ ಟೀಚರ್ ಬೋರ್ಡು ಎದ್ದಿತ್ತು, ಆದರೆ ಪಾಠದುದ್ದಕ್ಕೂ ಅಡುಗೆ ಪಾತ್ರೆಯ ಜಾಹೀರಾತು ಬಿಟ್ಟು ಬೇರೇನೂ ತೋರಿಸಿರಲಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಸಾಹೇಬರು ಎದ್ದು ನಿಂತರು. "ಎಷ್ಟೋ ಶಾಲೆ ನೋಡಿದೀನಿ. ಬೋರ್ಡಲ್ಲಿ ಆನೆ, ಕುದುರೆ ಕುಣಿಸಿ ಚಪ್ಪಾಳೆ ಹೊಡೆಸ್ಕೊಳ್ಳೋರನ್ನ ನೋಡಿ ಸಾಕಾಗಿತ್ತು. ಇವತ್ತು ಎರಡನೇ ತರಗತಿಯಲ್ಲಿ ಏನಾಯ್ತು ಗೊತ್ತಾ? ಆನೆ ಬಂತು, ಮಕ್ಕಳ ಗಮನ ಸೆಳೀತು, ಸರಿಯಾದ ಹೊತ್ತಿಗೆ ಹೋಯ್ತು. ಅದರ ಜಾಗಕ್ಕೆ ಪೇಟೆ ಬೀದಿಯ ಜೀವಂತ ದರ್ಜಿ! ಅದೂ ಟೇಪು ಕಳೆದುಹೋದ ಹಾಗೆ ಎಂಥಾ ಸಹಜ ಅಭಿನಯ! ಎಷ್ಟು ದಿನದ ತಯಾರಿ ಇರಬೇಕು ಇದರ ಹಿಂದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸುಣ್ಣದ ಟೀಚರ್ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗೆ ಉಸಿರು ಬಿಟ್ಟರು. ಕ್ಲಾಸು ಉಳಿಯಿತು. ನಾಳೆ ಆ ಹುಡುಗಿಯ ಕೈಲಿ ಉಳಿದರ್ಧ ಪುಟ ಓದಿಸಬೇಕು.

"ಇಂಥವರನ್ನ," ಎಂದು ಸಾಹೇಬರು ಮುಂದುವರಿಸಿದರು, "ಒಂದು ಎರಡನೇ ತರಗತಿಯಲ್ಲಿ ಕಟ್ಟಿಹಾಕಿದ್ರೆ ಅದು ಅನ್ಯಾಯ. ಸೋಮವಾರದಿಂದ ಬೇರೆ ಶಿಕ್ಷಕರಿಗೆಲ್ಲ ಬೋರ್ಡಿನ ತರಬೇತಿ ಕೊಡೋರು ಇವರೇ. ವರ್ಷ ಪೂರ್ತಿ. ಇವರ ಕ್ಲಾಸಿಗೆ ನಾನು ಬೇರೆಯವರನ್ನ ಕಳಿಸ್ತೀನಿ."

ಚಪ್ಪಾಳೆ ಇನ್ನೂ ಜೋರಾಯಿತು. ಟೀಚರ್ ಕುರ್ಚಿ ಹಿಡಿದುಕೊಂಡು ಎದ್ದರು. "ಸಾರ್, ಬೇಡ ಸಾರ್. ನನಗೇನೂ ಗೊತ್ತಿಲ್ಲ. ನಿಜವಾಗ್ಲೂ. ಅವರು ಟೇಪು ಹುಡುಕೋಕೆ ಅಂತಲೇ ಫೋನ್ ಮಾಡಿದ್ದು. ಅವರು ನನ್ನ ಯಜಮಾನರು."

ಸಾಹೇಬರು ಮನಸಾರೆ ನಕ್ಕರು. "ನೋಡಿದ್ರಾ, ಮನೆಯವರನ್ನೂ ತಯಾರು ಮಾಡಿದಾರೆ! ಮೇಲೆ ಈ ವಿನಯ ಬೇರೆ."

ಹೆಡ್ ಮೇಡಂ ಹೆಮ್ಮೆಯಿಂದ ತಲೆಯಾಡಿಸಿದರು. ಅಷ್ಟರಲ್ಲಿ ಖಾಲಿಯಾಗಿದ್ದ ಎರಡನೇ ತರಗತಿಯ ಕೋಣೆಯಿಂದ ಹೊಲಿಗೆ ಯಂತ್ರದ ಟಕಟಕ ಸದ್ದೂ, ಅದರ ಜತೆಗೆ ಭಾರೀ ಗಂಟಲಿನ ಒಂದು ಹಾಡೂ ತೇಲಿ ಬಂದವು. ಟೀಚರ್ ಫೋನು ಇನ್ನೂ ಬೋರ್ಡಿನ ಪಕ್ಕದಲ್ಲೇ ಇತ್ತು; ದರ್ಜಿ ಮಾವನಿಗೆ ಕರೆ ಕತ್ತರಿಸುವುದೇ ನೆನಪಾಗಿರಲಿಲ್ಲ.

ಟೀಚರ್‌ಗೆ ಅಳು ಉಕ್ಕಿ ಬಂತು. ಅಳುವ ಬದಲು ಅವರು ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು, ಬೆಳಿಗ್ಗೆಯಿಂದ ಯಾರನ್ನಾದರೂ ಕೇಳಬೇಕೆಂದಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳಿಯೇಬಿಟ್ಟರು.

"ಸಾರ್, ಆ ಬೋರ್ಡನ್ನ ಆಫ್ ಮಾಡೋದು ಹೇಗೆ?"

"ಭೇಷ್!" ಎಂದು ಸಾಹೇಬರು ಮೇಜು ಕುಟ್ಟಿದರು. "ಸೋಮವಾರದವರೆಗೂ ಕಾಯಲಿಲ್ಲ, ಈಗಲೇ ತರಬೇತಿ ಶುರು ಮಾಡಿಬಿಟ್ರು! ಬರ್ಕೊಳ್ರೀ ಎಲ್ಲರೂ, ಮೊದಲನೇ ಪ್ರಶ್ನೆ."

ಡ್ರಿಲ್ ಮೇಷ್ಟ್ರೂ ಹಾಡಿನ ಟೀಚರೂ ಗಡಿಬಿಡಿಯಿಂದ ಪ್ರಶ್ನೆ ಬರೆದುಕೊಂಡರು. ಕೆಳಗೆ ಉತ್ತರಕ್ಕೆ ಜಾಗ ಬಿಟ್ಟು, ಪೆನ್ನು ಹಿಡಿದು, ಸುಣ್ಣದ ಟೀಚರ್ ಮುಖವನ್ನೇ ನೋಡುತ್ತಾ ಕೂತರು.